ಸಣ್ಣ ಹಳ್ಳಿಯ ಕೊಳಚೆ ನೀರು: ಗುಂಡಿಯೋ, ಹೊಂಡವೋ, ಜೊಂಡಿನ ತೊಟ್ಟಿಯೋ, ಯಂತ್ರವೋ?

ಹಳ್ಳಿಯ ಕೊಳಚೆ ನೀರಿಗೆ ಒಂದು ದಾರಿ ಮಾಡಬೇಕು ಎಂದು ಹೊರಟವರು ಮೊದಲು ಕೇಳುವುದು "ಯಾವ ಎಸ್‌ಟಿಪಿ ಒಳ್ಳೆಯದು?" ಎಂದು. ಎಸ್‌ಟಿಪಿ ಎಂದರೆ ಕೊಳಚೆ ಶುದ್ಧೀಕರಣ ಘಟಕ. ಅಷ್ಟು ಹೊತ್ತಿಗೆ ಇಬ್ಬರು ಮೂವರು ಮಾರಾಟಗಾರರು ಬಂದು ಹೋಗಿರುತ್ತಾರೆ. ಒಬ್ಬರು ಟ್ಯಾಂಕ್ ತೋರಿಸಿರುತ್ತಾರೆ, ಇನ್ನೊಬ್ಬರು ಗಿಡ ತೋರಿಸಿರುತ್ತಾರೆ, ಎಲ್ಲರ ಮೊಬೈಲಿನಲ್ಲೂ ಗಾಜಿನ ಲೋಟದಲ್ಲಿ ಹಿಡಿದ ತಿಳಿನೀರಿನ ಫೋಟೊ ಇರುತ್ತದೆ. ಆ ಫೋಟೊಗಳು ಸುಳ್ಳೇನೂ ಅಲ್ಲ. ಸರಿಯಾಗಿ ಕಟ್ಟಿ, ಸರಿಯಾಗಿ ನೋಡಿಕೊಂಡರೆ ಮುಂದೆ ಹೇಳಲಿರುವ ಎಲ್ಲ ವಿಧಾನಗಳೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಬೇರೆಬೇರೆಯಾಗಿರುವುದು ಅವು ಊರಿನಿಂದ ಕೇಳುವ ಬೆಲೆ. ಒಂದಕ್ಕೆ ಜಾಗ ಬೇಕು, ಒಂದಕ್ಕೆ ಇಳಿಜಾರು, ಒಂದಕ್ಕೆ ನಿಲ್ಲದ ಕರೆಂಟು, ಮತ್ತೊಂದಕ್ಕೆ ವಾರಕ್ಕೆರಡು ಸಲ ತಪ್ಪದೆ ಬರುವ ಒಬ್ಬ ಮನುಷ್ಯ.

ಆದ್ದರಿಂದ ವಿಧಾನಗಳ ಮಾತಿಗೆ ಮುಂಚೆ ಅಳತೆಗೋಲುಗಳನ್ನು ನೋಡೋಣ.

ಮೊದಲು ಅಳೆಯಬೇಕಾದ್ದು

ನೀರು ಎಷ್ಟು, ಎಷ್ಟು ಗಟ್ಟಿ? ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ. 500 ಜನರ ಒಂದು ಹಳ್ಳಿಯನ್ನು ಇಟ್ಟುಕೊಳ್ಳೋಣ, ತಲೆಗೆ ದಿನಕ್ಕೆ 100 ಲೀಟರ್ ಬಳಕೆ ಎನ್ನೋಣ. ಅಲ್ಲಿಗೆ ದಿನಕ್ಕೆ 40,000 ಲೀಟರ್ ಕೊಳಚೆ. ಇಷ್ಟಕ್ಕೇ ಲೆಕ್ಕ ನಿಲ್ಲಿಸುವವರೇ ಹೆಚ್ಚು, ಎಡವುವುದೂ ಅಲ್ಲೇ. ಕೊಳಚೆಯೊಳಗಿನ ಸಾವಯವ ಕಶ್ಮಲವನ್ನು ಬಿಒಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಒಬ್ಬ ಮನುಷ್ಯನಿಂದ ದಿನಕ್ಕೆ 40ರಿಂದ 60 ಗ್ರಾಂ ಬಿಒಡಿ ಬರುತ್ತದೆ, ಅವನು ನೀರು ಕಡಿಮೆ ಬಳಸಲಿ, ಹೆಚ್ಚು ಬಳಸಲಿ. ತಲೆಗೆ 50 ಗ್ರಾಂ ಹಿಡಿದರೆ ನಮ್ಮ ಹಳ್ಳಿಯದು ದಿನಕ್ಕೆ 25 ಕೆ.ಜಿ., ಅಂದರೆ ಲೀಟರಿಗೆ 625 ಮಿಲಿಗ್ರಾಂ. ತಲೆಗೆ 250 ಲೀಟರ್ ಸುರಿಯುವ ಪಟ್ಟಣದಲ್ಲಿ ಅದೇ ಕಶ್ಮಲ ಲೀಟರಿಗೆ 250 ಮಿಲಿಗ್ರಾಂಗೆ ತೆಳುವಾಗಿರುತ್ತದೆ. ನೀರು ಕಡಿಮೆ ಇರುವ ಹಳ್ಳಿಯ ಕೊಳಚೆ ಪಟ್ಟಣದ್ದಕ್ಕಿಂತ ಗಟ್ಟಿ. ಪಟ್ಟಣದ ಕೊಳಚೆಗೆಂದು ಮಾಡಿದ ಟ್ಯಾಂಕನ್ನು "40,000 ಲೀಟರ್ ಸಾಮರ್ಥ್ಯ" ಎಂದು ತಂದು ಇಲ್ಲಿ ಕೂರಿಸಿದರೆ ಮೊದಲ ದಿನದಿಂದಲೇ ಅದಕ್ಕೆ ಎರಡೂವರೆ ಪಟ್ಟು ಹೊರೆ. ಯಾರೇ ಬಂದು ಲೀಟರಿನ ಲೆಕ್ಕ ಹೇಳಿದರೂ ಬಿಒಡಿ ಎಷ್ಟಕ್ಕೆ ವಿನ್ಯಾಸ ಮಾಡಿದ್ದೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೇ ಮಾತು ಮುಗಿಸಬಹುದು.

ಶುದ್ಧವಾದ ನೀರು ಎಲ್ಲಿಗೆ ಹೋಗುತ್ತದೆ? ಹೊಲಕ್ಕೆ ಹಾಯಿಸುವುದಾದರೆ ಸಾರಜನಕ, ರಂಜಕ ನೀರಿನಲ್ಲೇ ಉಳಿದರೆ ಒಳ್ಳೆಯದು, ಅದು ಗೊಬ್ಬರ. ಆಗ ಭಯಪಡಬೇಕಾದ್ದು ಜಂತುಹುಳದ ಮೊಟ್ಟೆಗಳಿಗೆ ಮತ್ತು ರೋಗಾಣುಗಳಿಗೆ. ನೀರಾವರಿಗೆ ಬಳಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳದ ಮೊಟ್ಟೆ ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕೆರೆಗೆ ಬಿಡುವುದಾದರೆ ಲೆಕ್ಕ ತಿರುಗಿಬೀಳುತ್ತದೆ: ಅದೇ ಸಾರಜನಕ, ರಂಜಕದಿಂದ ಪಾಚಿ ಕಟ್ಟಿ ಮೀನು ಸಾಯುತ್ತವೆ. ಒಂದೇ ಘಟಕದ ನೀರು ಹೊಲಕ್ಕೆ ವರ, ಕೆರೆಗೆ ಶಾಪ ಆಗಬಹುದು.

ನೆಲ ಹೇಗಿದೆ? ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ, ಮಣ್ಣು ನೀರು ಕುಡಿಯುತ್ತದೆಯೇ ಅಥವಾ ಜೇಡಿಯೇ, ಕೆಳಗೆ ಬಿರುಕುಬಿಟ್ಟ ಬಂಡೆ ಇದೆಯೇ, ಊರಿನಿಂದ ಹೊರಗೆ ಸಹಜ ಇಳಿಜಾರು ಯಾವ ದಿಕ್ಕಿಗೆ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು: ಐದನೇ ವರ್ಷ ಇದನ್ನು ನೋಡಿಕೊಳ್ಳುವವರು ಯಾರು? ಉದ್ಘಾಟನೆಯ ದಿನ ಎಲ್ಲರೂ ಇರುತ್ತಾರೆ. ಐದು ವರ್ಷದ ಹೊತ್ತಿಗೆ ಗುತ್ತಿಗೆದಾರರ ನಿರ್ವಹಣೆಯ ಅವಧಿ ಮುಗಿದಿರುತ್ತದೆ, ಆಸಕ್ತಿ ಇಟ್ಟಿದ್ದ ಇಂಜಿನಿಯರ್‌ಗೆ ವರ್ಗವಾಗಿರುತ್ತದೆ, ಒಂದು ಮೋಟಾರು ಸುಟ್ಟಿರುತ್ತದೆ. ಕಟ್ಟಲು ದುಡ್ಡು ಕೊಡುವವರು ಸಿಗುತ್ತಾರೆ. ತಿಂಗಳು ತಿಂಗಳು ಕರೆಂಟ್ ಬಿಲ್ಲು ಮತ್ತು ಒಬ್ಬರ ಸಂಬಳ ಕಟ್ಟುವವರು ಸಿಗುವುದಿಲ್ಲ. ಹಾಗಾಗಿ ಕೆಳಗಿನ ಆಯ್ಕೆಗಳನ್ನು ನೋಡುವಾಗ ಕಟ್ಟುವ ಖರ್ಚಿನ ಪಕ್ಕದಲ್ಲೇ ನಡೆಸುವ ಖರ್ಚು, ಬೇಕಾದ ಕೈಗಳ ಲೆಕ್ಕ ಬರೆದುಕೊಳ್ಳಿ.

ಮನೆಮನೆಯಲ್ಲೇ ಮುಗಿಸುವುದು

ಮನೆಗಳು ಚದುರಿದ್ದರೆ, ಪ್ರತಿ ಮನೆಗೂ ಹಿತ್ತಿಲು ಇದ್ದರೆ, ಅಂತರ್ಜಲ ಆಳದಲ್ಲಿದ್ದರೆ ಕೊಳಚೆಯನ್ನು ಒಟ್ಟುಗೂಡಿಸುವ ಗೋಜಿಗೇ ಹೋಗಬೇಡಿ. ಶೌಚಕ್ಕೆ ಜೋಡಿಗುಂಡಿ, ಸ್ನಾನ, ಪಾತ್ರೆ, ಬಟ್ಟೆ ತೊಳೆದ ನೀರಿಗೆ ಬೇರೆ ಇಂಗುಗುಂಡಿ ಅಥವಾ ನಾಲ್ಕು ಗಿಡಗಳ ಪಾತಿ. ಜೋಡಿಗುಂಡಿಯಲ್ಲಿ ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ ಮೊದಲನೆಯದನ್ನು ಮುಚ್ಚಿಟ್ಟುಬಿಡಬೇಕು. ಬೆಚ್ಚನೆಯ ಹವೆಯಲ್ಲಿ ಒಂದು ವರ್ಷದ ಮೇಲೆ, ತಂಪು ಹವೆಯಲ್ಲಿ ಎರಡು ವರ್ಷ ಬಿಟ್ಟರೆ ಒಳಗಿನದು ಮಣ್ಣಿನಂತಾಗುತ್ತದೆ, ಗೊಬ್ಬರವಾಗಿ ತೆಗೆಯಬಹುದು. ಪೈಪು, ಪಂಪು, ಬಿಲ್ಲು ಯಾವುದೂ ಇಲ್ಲ.

ಇದರ ಶತ್ರು ಮೇಲಕ್ಕೆ ಬರುವ ಅಂತರ್ಜಲ. ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ಮಳೆಗಾಲದಲ್ಲೂ ಒಂದೂವರೆ ಎರಡು ಮೀಟರ್ ಒಣ ಮಣ್ಣು ಉಳಿಯಬೇಕು. ಸೋಸುವುದು ಆ ಮಣ್ಣು. ಕೆಳಗೆ ಬಿರುಕುಬಿಟ್ಟ ಬಂಡೆಯಿದ್ದರೆ ಕೊಳಚೆ ಸೋಸದೆಯೇ ಬಾವಿಗೆ ಓಡುತ್ತದೆ, ಆಗ "ಬಾವಿಯಿಂದ ಇಷ್ಟು ದೂರ" ಎಂಬ ಯಾವ ನಿಯಮವೂ ಕಾಯುವುದಿಲ್ಲ. ಮನೆಗಳು ಒತ್ತೊತ್ತಾಗಿದ್ದರೆ ಇನ್ನೊಂದು ತೊಂದರೆ ನೈಟ್ರೇಟ್, ಕೊಳಚೆಯ ಸಾರಜನಕದಿಂದ ಹುಟ್ಟಿ ಬಾವಿ ಸೇರುವ ಲವಣ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಅಪಾಯ. ಕುದಿಸಿದರೆ ಅದು ಹೋಗುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಬಗ್ಗೆ ಒಂದು ಮಾತು. ಅದು ಅರ್ಧ ಕೆಲಸ ಮಾಡುವ ಸಾಧನ: ಗಟ್ಟಿ ಕೆಳಗಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಬಿಒಡಿ ಇಳಿಯುವುದು ಶೇ. 30ರಿಂದ 50 ಮಾತ್ರ, ರೋಗಾಣುಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಆ ನೀರನ್ನು ರಸ್ತೆಬದಿಯ ಚರಂಡಿಗೆ ಬಿಟ್ಟು "ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ" ಎನ್ನುವ ಊರಿನಲ್ಲಿ ಶುದ್ಧೀಕರಣ ಇನ್ನೂ ಶುರುವೇ ಆಗಿಲ್ಲ. ಹೂಳು ಎಷ್ಟು ತುಂಬಿದೆ ಎಂದು ತಿಳಿಯಲು ಉದ್ದ ಕೋಲಿಗೆ ಬಿಳಿ ಟವೆಲ್ ಬಟ್ಟೆ ಸುತ್ತಿ, ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ: ಎಲ್ಲಿಯವರೆಗೆ ಕಪ್ಪು ಮೆತ್ತಿದೆಯೋ ಅಲ್ಲಿಯವರೆಗೆ ಹೂಳು. ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ತೆಗೆಸುವ ಕಾಲ ಬಂತು. ತೆಗೆಯಬೇಕಾದ್ದು ಹೊರಗೆ ನಿಂತು, ಪಂಪಿನಿಂದ. ಒಳಗೆ ಯಾರನ್ನೂ ಇಳಿಸಕೂಡದು; ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಮೂಗಿನ ಶಕ್ತಿಯನ್ನೇ ಮೊದಲು ಕಿತ್ತುಕೊಂಡು ಆಮೇಲೆ ಜೀವ ತೆಗೆಯುತ್ತದೆ.

ಒಟ್ಟುಗೂಡಿಸುವುದಾದರೆ

ಹಿತ್ತಿಲಿಲ್ಲದ, ಒತ್ತಾದ ಊರಿಗೆ ಪೈಪು ಬೇಕೇ ಬೇಕು. ಇಲ್ಲಿ ಎಚ್ಚರ: ಅನೇಕ ಕಡೆ ಶುದ್ಧೀಕರಣ ಘಟಕಕ್ಕಿಂತ ಪೈಪುಗಳಿಗೇ ಹೆಚ್ಚು ಖರ್ಚು. ನಗರದ ಮಾದರಿಯ ಆಳದ ಒಳಚರಂಡಿ, ಹೆಜ್ಜೆಹೆಜ್ಜೆಗೂ ಮ್ಯಾನ್‌ಹೋಲ್ ಹಳ್ಳಿಗೆ ಬೇಡ. ಬ್ರೆಜಿಲ್‌ನ ನಟಾಲ್ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಬಡ ಬಡಾವಣೆಗಳಿಗೆಂದು ರೂಪಿಸಿದ ಸರಳ ಒಳಚರಂಡಿಯಲ್ಲಿ ಸಣ್ಣ ಪೈಪುಗಳು ಹಿತ್ತಿಲು, ಕಾಲುದಾರಿಗಳ ಕೆಳಗೆ ಕಡಿಮೆ ಆಳದಲ್ಲಿ ಹೋಗುತ್ತವೆ. ಮನೆಗಳಲ್ಲಿ ಈಗಾಗಲೇ ಸೆಪ್ಟಿಕ್ ಟ್ಯಾಂಕ್ ಇದ್ದರೆ ಇನ್ನೂ ಅಗ್ಗದ ದಾರಿಯುಂಟು. ದಕ್ಷಿಣ ಆಸ್ಟ್ರೇಲಿಯಾದ ಸಣ್ಣ ಊರುಗಳು 1960ರ ದಶಕದಿಂದ ಮಾಡಿದಂತೆ, ಗಟ್ಟಿ ಟ್ಯಾಂಕಿನಲ್ಲೇ ಉಳಿದು ತಿಳಿಯಾದ ನೀರು ಮಾತ್ರ ಸಪೂರ ಪೈಪಿನಲ್ಲಿ ಹೋಗುವಂತೆ ಮಾಡುವುದು. ಗಟ್ಟಿ ಇಲ್ಲದ್ದರಿಂದ ಪೈಪಿಗೆ ಹೆಚ್ಚು ಇಳಿಜಾರು ಬೇಡ. ಆದರೆ ಟ್ಯಾಂಕಿನ ಹೂಳು ತೆಗೆಸದೆ ಬಿಟ್ಟರೆ ಇಡೀ ಜಾಲ ಕಟ್ಟಿಕೊಳ್ಳುತ್ತದೆ.

ಮಳೆನೀರನ್ನು ಮಾತ್ರ ಇದರೊಳಗೆ ಸೇರಿಸಬಾರದು. 100 ಚದರ ಮೀಟರ್ ಛಾವಣಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್. ಅಂಥ 50 ಛಾವಣಿಗಳು ಸೇರಿದರೆ ಒಂದು ಲಕ್ಷ ಲೀಟರ್. ದಿನಕ್ಕೆ 40,000 ಲೀಟರಿನ ಘಟಕದಲ್ಲಿ ಸಾಕಿದ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಸಂಜೆಯಲ್ಲಿ ತೊಳೆದುಹೋಗುತ್ತವೆ.

ಮುಚ್ಚಿದ ತೊಟ್ಟಿಗಳು

ಸೆಪ್ಟಿಕ್ ಟ್ಯಾಂಕನ್ನು ಹಲವು ಕೋಣೆಗಳಾಗಿ ಸೀಳಿ, ಪ್ರತಿ ಕೋಣೆಯಲ್ಲೂ ನೀರು ಕೆಳಗಿನಿಂದ ಮೇಲಕ್ಕೆ ಹೂಳಿನ ಪದರದೊಳಗೆ ಹಾದುಹೋಗುವಂತೆ ಮಾಡಿದರೆ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಕಶ್ಮಲ ತಿನ್ನಲು ಸಮಯ ಸಿಗುತ್ತದೆ. ಇದೇ ತಡೆಗೋಡೆಗಳ ರಿಯಾಕ್ಟರ್, ಅಂದರೆ ಕೋಣೆಗಳ ತೊಟ್ಟಿ. ಚೆನ್ನಾಗಿ ಕಟ್ಟಿದ್ದು ಶೇ. 65ರಿಂದ 90ರಷ್ಟು ಬಿಒಡಿ ಇಳಿಸುತ್ತದೆ. ಕರೆಂಟು ಬೇಡ, ನೆಲದಡಿ ಇರುವುದರಿಂದ ಜಾಗವೂ ಕಡಿಮೆ, ಗಟ್ಟಿ ಕೊಳಚೆಗೆ ಹೇಳಿ ಮಾಡಿಸಿದ್ದು. ಶುರುವಿನಲ್ಲಿ ಬ್ಯಾಕ್ಟೀರಿಯಾ ಕುದುರಲು ತಿಂಗಳುಗಳೇ ಬೇಕು, ಚಳಿ ಪ್ರದೇಶದಲ್ಲಿ ಕೆಲಸ ನಿಧಾನ. ಹೊರಬರುವ ನೀರಿಗೆ ವಾಸನೆ ಇರುತ್ತದೆ, ಸಾರಜನಕವೂ ರೋಗಾಣುಗಳೂ ಉಳಿದಿರುತ್ತವೆ. ಮುಂದಿನ ಹಂತ ಒಂದು ಬೇಕು. ಮೊದಲ ಹಂತವಾಗಿ ಮಾತ್ರ ಇದಕ್ಕಿಂತ ಜಗಳವಿಲ್ಲದ ಆಯ್ಕೆ ನನಗೆ ಕಾಣುವುದಿಲ್ಲ.

ಹೊಂಡಗಳು

ಜಾಗ ಇರುವ ಊರಿಗೆ, ಬಿಸಿಲಿನ ನಾಡಿಗೆ ಸಾಲುಹೊಂಡಗಳನ್ನು ಮೀರಿಸಿದ್ದು ಇಲ್ಲ. ಅವು ಹಳೇ ಕಾಲದವು ಎಂದು ಮೂಗು ಮುರಿಯುವವರು ಬಹಳ, ಮಾರಲು ಏನೂ ಇಲ್ಲದ್ದರಿಂದ ಹೊಗಳುವವರು ಕಡಿಮೆ. ಮೊದಲನೆಯದು ಎರಡರಿಂದ ಐದು ಮೀಟರ್ ಆಳ, ಗಾಳಿಯಿಲ್ಲದ್ದು. ಗಟ್ಟಿ ಇಲ್ಲಿ ಕೂರುತ್ತದೆ. ಎರಡನೆಯದು ಒಂದೂವರೆ ಮೀಟರಿನ ಆಸುಪಾಸು. ಮೇಲಿನ ಪದರದಲ್ಲಿ ಪಾಚಿ ಬಿಸಿಲಿನಿಂದ ಆಮ್ಲಜನಕ ಕೊಡುತ್ತದೆ, ಅದನ್ನು ಉಸಿರಾಡಿ ಬ್ಯಾಕ್ಟೀರಿಯಾ ಕಶ್ಮಲ ತಿನ್ನುತ್ತದೆ. ಕೊನೆಯ ಒಂದೆರಡು ತೆಳು ಹೊಂಡಗಳಲ್ಲಿ ಬಿಸಿಲು, ಪಾಚಿಯಿಂದ ಏರುವ ಕ್ಷಾರಗುಣ, ಕಳೆಯುವ ದಿನಗಳು ಸೇರಿ ರೋಗಾಣುಗಳನ್ನು ಕೊಲ್ಲುತ್ತವೆ. ಜಂತುಹುಳದ ಮೊಟ್ಟೆಗಳು ನಿಂತ ನೀರಿನಲ್ಲಿ ತಾವಾಗಿಯೇ ತಳ ಸೇರುತ್ತವೆ. ಕ್ಲೋರಿನ್ ಇಲ್ಲದೆ ನೀರಾವರಿಗೆ ಯೋಗ್ಯವಾದ ನೀರು ಕೊಡುವ ವಿಧಾನ ಇದು.

ಜಾಗ ಎಷ್ಟು ಬೇಕು ಎಂಬುದನ್ನು ಚಳಿಗಾಲ ನಿರ್ಧರಿಸುತ್ತದೆ. ವರ್ಷದ ಅತಿ ಚಳಿಯ ತಿಂಗಳ ಸರಾಸರಿ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಪಾಚಿಹೊಂಡ ಹೆಕ್ಟೇರಿಗೆ ದಿನಕ್ಕೆ 350 ಕೆ.ಜಿ. ಬಿಒಡಿ ತಾಳುತ್ತದೆ, 10 ಡಿಗ್ರಿ ಇದ್ದರೆ 100 ಕೆ.ಜಿ. ಮಾತ್ರ. ನಮ್ಮ 25 ಕೆ.ಜಿ.ಯ ಹಳ್ಳಿಗೆ, ಆಳದ ಹೊಂಡ ಇಲ್ಲದೆ ಲೆಕ್ಕ ಹಾಕಿದರೆ, ಬೆಚ್ಚನೆಯ ನಾಡಿನಲ್ಲಿ 700 ಚದರ ಮೀಟರ್ ಚಿಲ್ಲರೆ ನೀರಿನ ಹರವು, ಚಳಿ ನಾಡಿನಲ್ಲಿ 2,500. ಕೊನೆಯ ಹೊಂಡಗಳು, ಏರಿಗಳು, ಓಡಾಡುವ ದಾರಿ ಇದರ ಮೇಲೆ.

ಕಷ್ಟಗಳನ್ನೂ ಹೇಳಬೇಕು. ಆಳದ ಹೊಂಡ ನಾರುತ್ತದೆ, ಮನೆಗಳಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಇಡಬೇಕು. ಅದರಿಂದ ಮೀಥೇನ್ ಗಾಳಿಗೆ ಸೇರುತ್ತದೆ. ಕಡು ಬೇಸಿಗೆಯ ಒಣ ನಾಡಿನಲ್ಲಿ ನೀರು ಆವಿಯಾಗಿ ಉಳಿದದ್ದರಲ್ಲಿ ಉಪ್ಪು ಹೆಚ್ಚುತ್ತದೆ. ಹೊರಬರುವ ನೀರು ಪಾಚಿಯಿಂದ ಹಸಿರಾಗಿರುತ್ತದೆ. ಹೊಲಕ್ಕೆ ತೊಂದರೆಯಿಲ್ಲ, ಹನಿ ನೀರಾವರಿಯ ತೂತುಗಳಿಗೆ ತೊಂದರೆ. ಸೊಳ್ಳೆ ಹುಟ್ಟುವುದು ಅಂಚಿನ ಹುಲ್ಲು ನೀರಿಗೆ ಬಾಗಿ ನೆರಳಾದ ಕಡೆ, ತೆರೆದ ನಡುನೀರಿನಲ್ಲಿ ಅಲ್ಲ. ಅಂಚಿಗೆ ಕಲ್ಲು ಹಾಸಿ, ಹುಲ್ಲು ಸವರಿಸುತ್ತಿದ್ದರೆ ಆ ದೂರು ಬಹುಪಾಲು ತಪ್ಪುತ್ತದೆ. ಬೇಲಿ ಬೇಕೇ ಬೇಕು, ಮಕ್ಕಳಿದ್ದಾರೆ.

ಜೊಂಡಿನ ತೊಟ್ಟಿಗಳು

ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು ಬೆಳೆಸಿ ಕೊಳಚೆ ಹಾಯಿಸುವ ವಿಧಾನಕ್ಕೆ ಜರ್ಮನಿಯಲ್ಲಿ 1950ರ ದಶಕದಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿಯ ಪ್ರಯೋಗಗಳು ಅಡಿಪಾಯ ಹಾಕಿದವು. ಗಿಡ ಕೊಳಚೆ ಕುಡಿದು ಶುದ್ಧ ಮಾಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಹೆಚ್ಚಿನ ಕೆಲಸ ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾದ್ದು, ಗಿಡ ಸಹಾಯಕ.

ನೀರು ಅಡ್ಡಡ್ಡಲಾಗಿ ಹರಿಯುವ ಮಾದರಿಯಲ್ಲಿ ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಐದು ಹತ್ತು ಸೆಂಟಿಮೀಟರ್ ಕೆಳಗೇ ಇರುತ್ತದೆ. ಸೊಳ್ಳೆಯಿಲ್ಲ, ವಾಸನೆ ಇಲ್ಲ. ತಲೆಗೆ 3ರಿಂದ 5 ಚದರ ಮೀಟರ್ ಹಿಡಿಯಿರಿ. ಇದಕ್ಕೂ ಮೊದಲ ಹಂತವಾಗಿ ಸೆಪ್ಟಿಕ್ ಟ್ಯಾಂಕೋ ಕೋಣೆಗಳ ತೊಟ್ಟಿಯೋ ಇಲ್ಲದಿದ್ದರೆ ಇದನ್ನು ಕಟ್ಟಲೇಬೇಡಿ. ಗಟ್ಟಿ ಒಳಬಂದರೆ ನೀರು ಒಳಸೇರುವ ತುದಿಯಲ್ಲಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಮೇಲೆ ಕೆಸರುನೀರು ನಿಲ್ಲುತ್ತದೆ, ಒಂದು ಹಿಡಿ ಜಲ್ಲಿ ಎತ್ತಿದರೆ ಕಲ್ಲುಗಳು ಕಪ್ಪು ಲೋಳೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಆಮೇಲೆ ಉಳಿಯುವ ದಾರಿ ಒಂದೇ, ಆ ಭಾಗದ ಜಲ್ಲಿಯನ್ನೆಲ್ಲ ತೆಗೆದು ತೊಳೆದು ಹಾಕುವುದು.

ಹಳ್ಳಿಗಳ ದೃಷ್ಟಿಯಿಂದ ಹೆಚ್ಚು ಕುತೂಹಲದ್ದು ಫ್ರಾನ್ಸಿನ ಸಣ್ಣ ಊರುಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿರುವ ಲಂಬ ಮಾದರಿ. ಅಲ್ಲಿ ಕಸಕಡ್ಡಿ ಸೋಸುವ ಜಾಲರಿಯೊಂದನ್ನು ದಾಟಿ ಹಸಿ ಕೊಳಚೆಯೇ ಮೇಲಿನಿಂದ ತೊಟ್ಟಿಗೆ ಸುರಿಯುತ್ತದೆ. ಗಟ್ಟಿ ಮೇಲ್ಮೈಯಲ್ಲಿ ಉಳಿದು ಒಣಗಿ ವರ್ಷಕ್ಕೆ ಎರಡು ಮೂರು ಸೆಂಟಿಮೀಟರಿನಷ್ಟು ಗೊಬ್ಬರದ ಪದರವಾಗುತ್ತದೆ. ಗಾಳಿಗೆ ಓಲಾಡುವ ಜೊಂಡಿನ ಕಾಂಡಗಳು ಬುಡದಲ್ಲಿ ಸಣ್ಣ ಬಿಲ ಉಳಿಸುವುದರಿಂದ ಆ ಪದರ ನೀರನ್ನು ತಡೆಯುವುದಿಲ್ಲ. ಮೊದಲ ಹಂತದಲ್ಲಿ ಮೂರು ತೊಟ್ಟಿ: ಒಂದಕ್ಕೆ ಮೂರು ನಾಲ್ಕು ದಿನ ನೀರು, ಆಮೇಲೆ ಅದಕ್ಕೆ ವಾರದ ವಿಶ್ರಾಂತಿ. ತಲೆಗೆ ಎರಡು ಚದರ ಮೀಟರ್ ಸಾಕು. ಹೂಳು ತೆಗೆಯುವ ಪಾಳಿ ಹತ್ತು ಹದಿನೈದು ವರ್ಷಕ್ಕೊಮ್ಮೆ. ಊರಿನಿಂದ ಘಟಕದ ಕೊನೆಯವರೆಗೆ ಮೂರು ನಾಲ್ಕು ಮೀಟರ್ ಇಳಿಜಾರು ಸಿಕ್ಕರೆ ಪಂಪೂ ಬೇಡ, ಕರೆಂಟಿಲ್ಲದೆ ತಾನಾಗಿ ನೀರು ಸುರಿಯುವ ಸೈಫನ್ ಸಾಕು. ಕೇಳುವುದು ಇಷ್ಟು: ವಾರಕ್ಕೆರಡು ಸಲ ಒಬ್ಬರು ಬಂದು ನೀರು ಬೇರೆ ತೊಟ್ಟಿಗೆ ಹೋಗುವಂತೆ ಬಾಗಿಲು ತಿರುವಿ ಜಾಲರಿ ಕೆರೆಯಬೇಕು. ತಪ್ಪಿಸಿದರೆ ಒಂದೇ ತೊಟ್ಟಿ ನೆನೆದು ಉಸಿರುಕಟ್ಟುತ್ತದೆ. ಜೊಂಡನ್ನು ನಿಮ್ಮ ಭಾಗದಲ್ಲಿ ತಾನಾಗಿ ಬೆಳೆಯುವ ಜಾತಿಯಲ್ಲೇ ಆರಿಸಿ, ಹೊರಗಿನದು ತಂದರೆ ಹಳ್ಳಕ್ಕೆಲ್ಲ ಹಬ್ಬೀತು.

ಖರ್ಚಿನಲ್ಲಿ ಗಮನಿಸಬೇಕಾದ್ದು ಜಲ್ಲಿ, ಮರಳು. ತೊಳೆದ, ಒಂದೇ ಗಾತ್ರದ ಜಲ್ಲಿ ಹತ್ತಿರ ಸಿಗದಿದ್ದರೆ ಸಾಗಣೆಯಲ್ಲೇ ಲೆಕ್ಕ ಕೆಡುತ್ತದೆ. ಧೂಳು ಬೆರೆತ ಅಗ್ಗದ ಜಲ್ಲಿ ಹಾಕಿದ ತೊಟ್ಟಿ ಹುಟ್ಟುವಾಗಲೇ ಮುದಿಯಾಗಿರುತ್ತದೆ.

ಯಂತ್ರದ ಘಟಕ

ಕೊಳಚೆಗೆ ಗಾಳಿ ಊದಿ ಬ್ಯಾಕ್ಟೀರಿಯಾದ ಹೂಳನ್ನು ಮತ್ತೆ ಮತ್ತೆ ಬಳಸುವ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಇಂದಿನ ಎಸ್‌ಬಿಆರ್, ಎಂಬಿಬಿಆರ್, ಎಂಬಿಆರ್ ಎಂಬ ಹೆಸರಿನ ಘಟಕಗಳೆಲ್ಲ ಒಂದಲ್ಲ ಒಂದು ರೀತಿ ಅದರ ಬಳಗವೇ. ಜಾಗ ಅತಿ ಕಡಿಮೆ, ನೀರು ತಿಳಿ, ಸಾರಜನಕವನ್ನೂ ತೆಗೆಯಬಹುದು. ಕೆರೆಗೆ ಬಿಡಲು ಬಿಗಿ ನಿಯಮವಿದ್ದು ಜಾಗವೂ ಇಲ್ಲದಿದ್ದರೆ ಇದೇ ಉತ್ತರ.

ಆದರೆ ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಕರೆಂಟು ಹೋಗಿ ಹೊತ್ತು ಕಳೆದಂತೆ ಹೂಳು ಕಂದುಬಣ್ಣದಿಂದ ಕಪ್ಪಿಗೆ ತಿರುಗಿ ನಾರತೊಡಗುತ್ತದೆ. ಕೆಟ್ಟದ್ದು ಮತ್ತೆ ಕುದುರಲು ವಾರಗಳು ಬೇಕು. ಹೆಚ್ಚಾದ ಹೂಳನ್ನು ಅಳೆದು ಹೊರಹಾಕುತ್ತಿರಬೇಕು. ನೋಡಿಕೊಳ್ಳುವವರಿಗೆ ಗೊತ್ತಿರಬೇಕಾದ ಕನಿಷ್ಠ ಪರೀಕ್ಷೆ ಇದು: ಒಂದು ಲೀಟರಿನ ಗಾಜಿನ ಅಳತೆಪಾತ್ರೆಯಲ್ಲಿ ಊದುತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಬಿಡುವುದು. ಕಂದು ಹೂಳು ಕೆಳಗಿಳಿದು ಮೇಲೆ ತಿಳಿನೀರು ನಿಂತರೆ ಆರೋಗ್ಯ. ಹೂಳು ಇಳಿಯದೆ ಹತ್ತಿಯಂತೆ ತೇಲಿದರೆ ಏನೋ ಕೆಟ್ಟಿದೆ. ಈ ಪರೀಕ್ಷೆ ಮಾಡಿ ಅದರ ಮೇಲೆ ತೀರ್ಮಾನ ತೆಗೆದುಕೊಳ್ಳುವ ಮನುಷ್ಯನಿಗೆ ಸಂಬಳ ಕೊಡಲು ಊರಿಗೆ ಆಗದಿದ್ದರೆ, ಬಿಲ್ಲು ಉಳಿಸಲೆಂದು ರಾತ್ರಿ ಬ್ಲೋವರ್ ನಿಲ್ಲಿಸುವವರು ಇದ್ದರೆ, ಯಂತ್ರದ ಘಟಕ ಬೇಡ. ಹತ್ತಾರು ಹಳ್ಳಿಗಳು ಸೇರಿ ಒಬ್ಬ ಕುಶಲ ನಿರ್ವಾಹಕರನ್ನು, ಒಂದು ಬಿಡಿಭಾಗದ ದಾಸ್ತಾನನ್ನು ಇಟ್ಟುಕೊಂಡರೆ ಮಾತು ಬೇರೆ.

ಯಾರಿಗೆ ಯಾವುದು

ಯಾವುದನ್ನು ಆರಿಸಿದರೂ ಹೂಳು ತಪ್ಪುವುದಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ತಲೆಗೆ ವರ್ಷಕ್ಕೆ 40 ಲೀಟರ್ ಹಿಡಿದರೂ 500 ಜನರಿಗೆ 20,000 ಲೀಟರ್. ಅದನ್ನು ಒಣಗಿಸಿ ಮಾಗಿಸುವ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಕತ್ತಲಲ್ಲಿ ಹಳ್ಳ ಸೇರುತ್ತದೆ.

ಇನ್ನು ತೀರ್ಮಾನ. ಚದುರಿದ ಮನೆ, ಆಳದ ಅಂತರ್ಜಲ: ಜೋಡಿಗುಂಡಿ, ಇಂಗುಗುಂಡಿ. ಒತ್ತಾದ ಊರು, ಬಿಸಿಲು, ಅಗ್ಗದ ಜಾಗ, ಪಕ್ಕದಲ್ಲಿ ಹೊಲ: ಸಾಲುಹೊಂಡ. ನೀರಾವರಿಗೆ ಬಿಡುವಾಗ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ, ಕೊಯ್ಲಿಗೆ ಕೆಲವು ದಿನ ಮುಂಚೆ ನಿಲ್ಲಿಸಿ. ಒತ್ತಾದ ಊರು, ಸಾಧಾರಣ ಜಾಗ, ಇಳಿಜಾರು, ಹತ್ತಿರ ಒಳ್ಳೆಯ ಜಲ್ಲಿ: ಬೆಚ್ಚನೆಯ ನಾಡಾದರೆ ಕೋಣೆಗಳ ತೊಟ್ಟಿ ಮತ್ತು ಅದರ ಮುಂದೆ ಜೊಂಡಿನ ತೊಟ್ಟಿ, ಚಳಿ ನಾಡಾದರೆ ಫ್ರೆಂಚ್ ಮಾದರಿ. ಅಂತರ್ಜಲ ಮೇಲಿದೆ, ಜಾಗವೂ ಇದೆ ಎಂದಾದರೆ ಹೊಂಡಕ್ಕೂ ತೊಟ್ಟಿಗೂ ತಳದಲ್ಲಿ ನೀರು ಇಂಗದ ಹಾಳೆ ಹಾಸಲೇಬೇಕು, ಆ ಖರ್ಚು ಮೊದಲೇ ಸೇರಿಸಿ. ಜಾಗವಿಲ್ಲ, ಕೆಳಗೆ ಕುಡಿಯುವ ನೀರಿನ ಕೆರೆ, ಜೊತೆಗೆ ನಡೆಸುವ ದುಡ್ಡು ಖಾತ್ರಿ: ಯಂತ್ರ. ಅರ್ಧ ಊರು ಒತ್ತಾಗಿ, ಅರ್ಧ ಊರು ತೋಟಗಳಲ್ಲಿ ಚದುರಿದ್ದರೆ ಇಡೀ ಊರಿಗೆ ಒಂದೇ ವಿಧಾನ ಎಂಬ ಹಟ ಬಿಡಿ. ನಡುವಿನ ಬೀದಿಗಳಿಗಷ್ಟೇ ಪೈಪು, ಉಳಿದವರಿಗೆ ಗುಂಡಿ.

ಮಾರಾಟಗಾರರು ಬಂದಾಗ, ಅವರು ಐದು ವರ್ಷದ ಹಿಂದೆ ಕಟ್ಟಿದ, ನಿಮ್ಮಷ್ಟೇ ಜನಸಂಖ್ಯೆಯ ಊರಿನ ಘಟಕವೊಂದರ ವಿಳಾಸ ಕೇಳಿಕೊಂಡು, ಹೇಳದೆ ಕೇಳದೆ ಹೋಗಿ ನೋಡಿ. ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ: ಕೊನೆಯ ಸಲ ಹೂಳು ಯಾವಾಗ ತೆಗೆದಿರಿ, ಎಲ್ಲಿ ಹಾಕಿದಿರಿ, ಕಳೆದ ತಿಂಗಳ ಕರೆಂಟ್ ಬಿಲ್ಲು ಯಾರು ಕಟ್ಟಿದರು. ದುಡ್ಡು ಒಂದೇ ಕಂತಿನಲ್ಲಿ ಸಿಗದಿದ್ದರೆ ಮೊದಲು ಮಳೆನೀರು ಬೇರೆ ಮಾಡಿ, ಆಮೇಲೆ ಪೈಪು ಮತ್ತು ಮುಚ್ಚಿದ ತೊಟ್ಟಿ, ಕೊನೆಗೆ ಹೊಂಡ ಅಥವಾ ಜೊಂಡು. ಆ ಕೊನೆಯ ಹಂತದ ಜಾಗವನ್ನು ಮಾತ್ರ ಇವತ್ತೇ ಅಳೆದು, ಗಡಿಕಲ್ಲು ನೆಟ್ಟು, ಊರಿನ ಹೆಸರಿಗೆ ಬರೆಸಿಡಿ.